ಧೂಳಪ್ಪನವರ ಕೆಂಪು ಪೆನ್ನು

ಚೌಬಾರಾದ ಹಿಂದಿನ ಓಣಿ, ಪ್ರೆಸ್ಸಿನ ಮಾಳಿಗೆ.
ಹೆಸರಲ್ಲಿ ಧೂಳಿದ್ದರೂ ವಾಕ್ಯದಲ್ಲಿ ಧೂಳು ಸಹಿಸದ
ಕರಡು ತಿದ್ದುವ ಧೂಳಪ್ಪನವರು
ನನ್ನ ಹದಿನಾಲ್ಕು ಪುಟ ವಾಪಸ್ಸು ಕೊಟ್ಟರು.
ಒಂದು ಗೆರೆಯಿಲ್ಲ. ಒಂದು ಕೆಂಪು ಚುಕ್ಕಿಯೂ.
"ಸಲೀಸ್ ಓದಿಸ್ಕೊಂಡು ಹೋಗ್ತದ್ರಿ ಬಾಯಾರ."
ನನಗೆ ಅಳು ಬಂತು.

ಯಾಕಂದರೆ ಪೆಲಾಜಿ ಮಬೀಕಾ
ಸಲೀಸಾಗಿ ಓದಿಸಿಕೊಳ್ಳುವ ಹೆಂಗಸಲ್ಲ.
ಕಾಂಗೋ ಹೊಳೆಯ ದಂಡೆಯ ಮಿಷನ್ ಶಾಲೆಯಲ್ಲಿ
ಅವ್ವನ ಮಾತೊಂದು ಬಾಯಿ ಜಾರಿದ್ದಕ್ಕೆ
ಕೊರಳಿಗೆ ಕಟ್ಟಿಗೆಯ ತುಂಡು ತೂಗಿಸಿಕೊಂಡು
ಸಂಜೆತನಕ ನಿಂತ ಹುಡುಗಿ.
ದೊಡ್ಡವಳಾಗಿ ಆ ಫ್ರೆಂಚಿನೊಳಗೇ ಇದ್ದಳು,
ಬಾಡಿಗೆ ಮನೆಯ ಗೋಡೆಗೆ
ಮಾಲೀಕನನ್ನು ಕೇಳದೆ ಮೊಳೆ ಹೊಡೆಯುತ್ತ.

ಕ್ರಿಯಾಪದ ಬರಬೇಕಾದಲ್ಲಿ ಬರೀ ಬಿಳಿ ಜಾಗ.
ಅಲ್ಪವಿರಾಮ ಇರಬೇಕಾದಲ್ಲಿ ಕೋಳಿಯ ಕೂಗು.
'ಮುದುಕಿ ನಡೆದಳು ನಡೆದಳು,
ಹೊಟ್ಟೆ ಕೂತಿತು, ಕಣ್ಣು ಇನ್ನೂ ನಿಂತೇ ಇತ್ತು.'
ಪ್ಯಾರಿಸ್ಸಿನಲ್ಲಿ ಇದನ್ನೋದಿ ಒಬ್ಬ ವಿಮರ್ಶಕ
ಮುರುಕು ಎಂದ. ಇನ್ನೊಬ್ಬ, ಪವಾಡ.
ಇಬ್ಬರಿಗೂ ಅವಳು ಉತ್ತರ ಬರೆಯಲಿಲ್ಲ.

ನಾನು ಕನ್ನಡಕ್ಕೆ ತಂದೆ: ನಡೆದೂ ನಡೆದೂ.
ಏನಾಯಿತು? ಏನೂ ಆಗಲಿಲ್ಲ.
ನಮ್ಮಲ್ಲಿ ಎಲ್ಲರೂ ಹಾಗೇ ನಡೆಯುತ್ತಾರೆ,
ಅತ್ತೂ ಅತ್ತೂ ಮಲಗುತ್ತಾರೆ, ಬಿಸಿ ಬಿಸಿ ಉಣ್ಣುತ್ತಾರೆ.
ಅಲ್ಲಿ ಗೋಡೆ ಸೀಳಿದ ಮಾತು
ಇಲ್ಲಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿತು.
ಅವಳ ಹಲ್ಲು ಕಿತ್ತವಳು ನಾನೇ.

ನಮ್ಮಜ್ಜ ನಿಜಾಮರ ಕಾಲದ ಉರ್ದು ಶಾಲೆಯವ.
ದಫ್ತರ ಉರ್ದುವಿನಲ್ಲಿ, ಸಾಲದ ಲೆಕ್ಕ ಮೋಡಿಯಲ್ಲಿ,
ಬೈಗುಳ ಕನ್ನಡದಲ್ಲಿ.
ಸಾಯುವಾಗ ನೀರು ಕೇಳಿದ್ದು ತೆಲುಗಿನಲ್ಲಿ;
ಅವನವ್ವ ಜಹೀರಾಬಾದಿನ ಕಡೆಯವಳು.
ಯಾವುದೂ ಅವನಿಗೆ ಪರಭಾಷೆ ಅನ್ನಿಸಲಿಲ್ಲ.
ಪರಭಾಷೆ ಅಂದರೆ ನನ್ನ ಐದನೇ ಇಯತ್ತೆಯ ಕನ್ನಡ ಪುಸ್ತಕ.
"ಬರ್ಲತ್ತೀನ್ರಿ" ಅಂದದ್ದಕ್ಕೆ
ಮೈಸೂರು ಕಡೆಯಿಂದ ಬಂದ ಟೀಚರು ನಕ್ಕರು.
ಕಟ್ಟಿಗೆ ತೂಗಿಸಲಿಲ್ಲ. ಬರೀ ನಕ್ಕರು.

ಆ ಸಂಜೆ ಮಶಾಕ ಉಸ್ತಾದರ ಬಿದ್ರಿ ಕಾರಖಾನೆಗೆ ಹೋದೆ.
ಕೋಟೆಯ ಹಳೇ ಗೋಡೆಯೊಳಗಿನ ಮಣ್ಣು,
ಬಿಸಿಲು ಮಳೆ ಕಾಣದ್ದು, ಅವರ ಅಂಗೈಯಲ್ಲಿ.
ಚಿಟಿಕೆ ನಾಲಿಗೆಗಿಟ್ಟು ಥೂ ಅಂತ ಉಗುಳಿದರು.
"ಇದು ಬ್ಯಾಡ. ಇದಕ್ಕ ಜಬಾನ್ ಇಲ್ಲ."
ಇನ್ನೊಂದು ಪೊಟ್ಟಣ ಬಿಚ್ಚಿ, ಇನ್ನೊಂದು ಚಿಟಿಕೆ.
ಈಗ ಕಣ್ಣು ಮುಚ್ಚಿದರು.
ನವಸಾಗರ ಬೆರೆಸಿ ಕುದಿಸಿದ ಆ ಮಣ್ಣಿನಲ್ಲಿ
ಬೂದು ಹೂಜಿ ಅದ್ದಿ ತೆಗೆದಾಗ
ಕರ್ರಗೆ, ಕರ್ರಗೆ,
ಇಷ್ಟೊತ್ತು ಕಾಣದ ಬೆಳ್ಳಿಯ ಬಳ್ಳಿ ಎದ್ದು ಕೂತಿತ್ತು.
"ಬೆಳ್ಳಿಗಿ ನಾ ಏನೂ ಮಾಡಿಲ್ಲ. ಮಾಡಿದ್ದೆಲ್ಲಾ ಮಣ್ಣ."

ರಾತ್ರಿ ಹದಿನಾಲ್ಕೂ ಪುಟ ಮತ್ತೆ ಬರೆದೆ.
ಮುದುಕಿ ಈಗ ಹೊಂಟಾಳಂದ್ರ ಹೊಂಟಾಳ,
ಹೊಟ್ಟಿ ಕುಂತದ, ಕಣ್ಣ ಇನ್ನಾ ನಿಂತೇ ಅವ.
ಮಿಷನ್ನಿನ ಪಾದ್ರಿಯೊಬ್ಬನೇ
ಪಠ್ಯಪುಸ್ತಕದ ಕನ್ನಡ ಮಾತಾಡುತ್ತಾನೆ,
ಒಂದು ಒತ್ತಕ್ಷರವನ್ನೂ ಬಿಡದೆ.
ಬಿಳಿ ಜಾಗವನ್ನು ಬಿಳಿಯಾಗೇ ಬಿಟ್ಟೆ.

ಪೆಲಾಜಿಗೆ ಈಮೇಲ್ ಮಾಡಿದೆ: ನಮ್ಮೂರ ಹೊರಗೆ
ಹಬ್ಸಿಕೋಟ ಅಂತೊಂದು ಗುಡ್ಡ, ನಿಮ್ಮವರ ಗೋರಿಗಳಿವೆ.
ಬೆಳಗಿನೊಳಗೆ ಉತ್ತರ:
"ಅವರು ಆ ಕಡಲಿನ ಕಡೆಯವರು. ಆಫ್ರಿಕಾ ಒಂದು ಓಣಿಯಲ್ಲ.
ಆದರೂ ಹೋದಾಗ ಒಂದಿಷ್ಟು ನೀರು ಹಾಕಿ ಬಾ."

ಗುರುವಾರ ಧೂಳಪ್ಪನವರ ಫೋನು.
"ಏನ್ರಿ ಬಾಯಾರ ಇದು, ಪುಟದ ತುಂಬ ತಪ್ಪ.
ಹೊಸಾ ಪೆನ್ ತರಿಸಬೇಕಾತು."
ಆಮೇಲೆ ಸುಮ್ಮನಾದರು.
ಆಚೆ ಲಗ್ನಪತ್ರಿಕೆ ಅಚ್ಚಾಗುವ ಸದ್ದು.
"ಒಂದ್ ಮಾತ. ಆ ಮುದುಕಿ…
ನಮ್ಮವ್ವ ಹಿಂಗೇ ಮಾತಾಡ್ತಿದ್ಳು.
ತಿದ್ದಲೇನು, ಬಿಡಲೇನು?"